ಮದ್ಯವ್ಯಸನ: ಬೆಳೆಯುವ ಬಗೆ, ಮನುಷ್ಯನನ್ನು ಬದಲಿಸುವ ಬಗೆ

‘ವ್ಯಸನ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ಒಂದು, ಬಿಡಲಾಗದ ಚಟ, ಇನ್ನೊಂದು, ದುಃಖ. ‘ಮಗ ತೀರಿಕೊಂಡ ವ್ಯಸನದಲ್ಲಿದ್ದಾರೆ’ ಎಂದು ಹಿರಿಯರು ಇಂದಿಗೂ ಹೇಳುವುದುಂಟು. ಸಂಸ್ಕೃತದಲ್ಲಿ ಈ ಶಬ್ದಕ್ಕೆ ಆಪತ್ತು ಎಂಬ ಅರ್ಥವೂ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣವು ರಾಜನಿಗೂ ರಾಜ್ಯಕ್ಕೂ ಒದಗುವ ವ್ಯಸನಗಳನ್ನು ಕುರಿತದ್ದಾಗಿದ್ದು, ಬೇಟೆ ಮತ್ತು ಜೂಜುಗಳೊಡನೆ ಮದ್ಯಪಾನವನ್ನೂ ಅಲ್ಲಿ ಕಾಮದಿಂದ ಹುಟ್ಟುವ ವ್ಯಸನಗಳ ಸಾಲಿನಲ್ಲಿ ಸೇರಿಸಲಾಗಿದೆ. ಜೈನ ಪರಂಪರೆಯ ಸಪ್ತವ್ಯಸನಗಳಲ್ಲಿಯೂ ಮದ್ಯಕ್ಕೆ ಸ್ಥಾನವಿದೆ. ಆದರೆ ನೀತಿಗ್ರಂಥಗಳು ವ್ಯಸನವನ್ನು ಮುಖ್ಯವಾಗಿ ಶೀಲದ ದೋಷವೆಂದೇ ಪರಿಗಣಿಸಿದವು. ಕುಡಿಯುವವನು ಮನಸ್ಸು ಮಾಡಿದರೆ ಬಿಡಬಲ್ಲ, ಬಿಡದಿರುವುದು ಅವನ ಹಟ ಎಂಬ ಭಾವನೆ ಜನಮನದಲ್ಲಿ ಬೇರೂರಿದೆ. ಈ ಭಾವನೆ ಅರ್ಧ ಮಾತ್ರ ಸತ್ಯ. ಕುಡಿತದ ಆರಂಭದಲ್ಲಿ ಅದು ಸರಿ. ವ್ಯಸನ ಬಲಿತ ಮೇಲೆ ಅದು ಸರಿಯಲ್ಲ. ಈ ಎರಡು ಸ್ಥಿತಿಗಳ ನಡುವೆ ಶರೀರದಲ್ಲಿಯೂ ಮನಸ್ಸಿನಲ್ಲಿಯೂ ನಡೆಯುವುದೇನು ಎಂಬುದನ್ನು ತಿಳಿಯದೆ ಹೋದರೆ, ಬುದ್ಧಿವಾದ, ಬೈಗುಳ, ಆಣೆ ಪ್ರಮಾಣಗಳಲ್ಲಿಯೇ ಕುಟುಂಬದ ಹತ್ತಾರು ವರ್ಷಗಳು ಕಳೆದುಹೋಗುತ್ತವೆ.

ಸಮಸ್ಯೆಯ ಗಾತ್ರ ಚಿಕ್ಕದಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, 10ರಿಂದ 75 ವರ್ಷ ವಯಸ್ಸಿನವರಲ್ಲಿ ಶೇಕಡಾ 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಿದ್ದರು. ಇವರೆಲ್ಲರೂ ವ್ಯಸನಿಗಳಲ್ಲ. ಆದರೆ 5.7 ಕೋಟಿಗೂ ಮಿಕ್ಕಿದ ಜನರಿಗೆ ಮದ್ಯದಿಂದ ಉಂಟಾದ ತೊಂದರೆಗಳಿಗೆ ನೆರವಿನ ಅಗತ್ಯವಿತ್ತು. ಮದ್ಯದ ಮೇಲೆ ಪೂರ್ಣ ಅವಲಂಬನೆ ಬೆಳೆದವರಲ್ಲಿ 38 ಮಂದಿಗೆ ಒಬ್ಬರು ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಪಡೆದಿದ್ದುದಾಗಿ ತಿಳಿಸಿದರು. ಉಳಿದ 37 ಮಂದಿ ಎಲ್ಲಿದ್ದರು ಎಂಬ ಪ್ರಶ್ನೆಗೆ ಉತ್ತರ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಮನೆಗಳಲ್ಲಿ ಸಿಗುತ್ತದೆ.

ಆರಂಭದಲ್ಲಿ ಯಾರೂ ವ್ಯಸನಿಯಲ್ಲ

ವಿಷಯದ ಸ್ಪಷ್ಟತೆಗಾಗಿ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಈತ ಕುಂದಾಪುರದ ಕಡೆಯ ಹಳ್ಳಿಯೊಂದರಿಂದ ಹದಿನೇಳನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಮೇಜು ಒರೆಸುವ ಕೆಲಸದಿಂದ ಮೇಲೇರಿ, ಈಗ ಹೋಟೆಲೊಂದರ ಗಲ್ಲಾದಲ್ಲಿ ಕುಳಿತಿದ್ದಾನೆ. ವಯಸ್ಸು ನಲವತ್ತೆರಡು. ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಉಪನಗರದ ಚಾಳಿನಲ್ಲಿ ವಾಸ. ರಾತ್ರಿ ಹನ್ನೊಂದಕ್ಕೆ ಹೋಟೆಲು ಮುಚ್ಚಿ, ಲೆಕ್ಕ ಒಪ್ಪಿಸಿದ ಮೇಲೆ ವಾರಕ್ಕೊಮ್ಮೆ ಗೆಳೆಯರೊಡನೆ ಒಂದೆರಡು ಪೆಗ್ ಕುಡಿಯುವುದು ಇಪ್ಪತ್ತೈದನೆಯ ವಯಸ್ಸಿನಲ್ಲಿ ರೂಢಿಯಾಯಿತು. ಹದಿನಾಲ್ಕು ಗಂಟೆ ನಿಂತು ದುಡಿದ ಕಾಲಿನ ನೋವು ಮರೆಯಿತು; ನಿದ್ರೆ ಬಂತು; ಮರುದಿನ ಕೆಲಸಕ್ಕೇನೂ ತೊಡಕಾಗಲಿಲ್ಲ. ಅವನೊಡನೆ ಕುಡಿದ ನಾಲ್ವರು ಗೆಳೆಯರಲ್ಲಿ ಮೂವರು ಇಂದಿಗೂ ಅಷ್ಟೇ ಕುಡಿಯುತ್ತಾರೆ. ಇವನೊಬ್ಬನೇ ಬೇರೆ ದಾರಿಗೆ ಹೋದನು.

ಏಕೆ ಇವನೊಬ್ಬನೇ? ಇದಕ್ಕೆ ಒಂದೇ ಕಾರಣವನ್ನು ತೋರಿಸಲು ಸಾಧ್ಯವಿಲ್ಲ. ಅವಳಿಜವಳಿಗಳನ್ನು ಮತ್ತು ದತ್ತು ಮಕ್ಕಳನ್ನು ಕುರಿತು ನಡೆದ ಅಧ್ಯಯನಗಳ ಪ್ರಕಾರ ಮದ್ಯವ್ಯಸನಕ್ಕೆ ಒಳಗಾಗುವ ಸಂಭವದಲ್ಲಿ ಸುಮಾರು ಅರ್ಧದಷ್ಟು ಅಂಶ ವಂಶವಾಹಿಗಳಿಂದ ಬರುತ್ತದೆ. ಉಳಿದದ್ದು ಪರಿಸ್ಥಿತಿಗೆ ಸೇರಿದ್ದು: ಎಷ್ಟು ಚಿಕ್ಕ ವಯಸ್ಸಿನಲ್ಲಿ ಆರಂಭವಾಯಿತು, ಮನಸ್ಸಿಗೆ ಮೊದಲೇ ಖಿನ್ನತೆ ಅಥವಾ ಆತಂಕ ಇತ್ತೇ, ಮದ್ಯ ಎಷ್ಟು ಸುಲಭವಾಗಿ ಕೈಗೆ ಸಿಗುತ್ತದೆ, ಕುಡಿಯುವುದನ್ನು ಸುತ್ತಲಿನವರು ಹೇಗೆ ಕಾಣುತ್ತಾರೆ ಮುಂತಾದವು. ತಂದೆ ಕುಡುಕನಾಗಿದ್ದ ಮಾತ್ರಕ್ಕೆ ಮಗನೂ ಕುಡುಕನಾಗಬೇಕೆಂದಿಲ್ಲ. ಆದರೆ ಅಂಥ ಮಗನಿಗೆ ಮೊದಲ ಲೋಟವು ಇತರರಿಗಿಂತ ಹೆಚ್ಚು ಅಪಾಯಕಾರಿ ಎಂಬುದು ನಿಜ.

ಮಿದುಳು ಕಲಿಯುವ ಪಾಠ

ವ್ಯಸನವನ್ನು ಅರ್ಥಮಾಡಿಕೊಳ್ಳಲು ನೆರವಾದ ಪ್ರಯೋಗಗಳಲ್ಲಿ ಎರಡನ್ನು ಇಲ್ಲಿ ಹೇಳಬಹುದು. 1954ರಲ್ಲಿ ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬ ವಿಜ್ಞಾನಿಗಳು ಇಲಿಗಳ ಮಿದುಳಿನ ಒಳಭಾಗದಲ್ಲಿ ಸೂಕ್ಷ್ಮವಾದ ತಂತಿಗಳನ್ನು ಇರಿಸಿ, ಸನ್ನೆಯೊಂದನ್ನು ಒತ್ತಿದಾಗ ಅಲ್ಲಿಗೆ ಅಲ್ಪ ವಿದ್ಯುತ್ತು ಹರಿಯುವಂತೆ ಏರ್ಪಾಡು ಮಾಡಿದರು. ತಂತಿಯು ಕೆಲವು ನಿರ್ದಿಷ್ಟ ಭಾಗಗಳಲ್ಲಿ ಇದ್ದಾಗ ಇಲಿಗಳು ಆ ಸನ್ನೆಯನ್ನು ಮತ್ತೆ ಮತ್ತೆ, ಗಂಟೆಗೆ ನೂರಾರು ಸಲ ಒತ್ತತೊಡಗಿದವು. ಹೀಗೆ ‘ಇದನ್ನು ಇನ್ನೊಮ್ಮೆ ಮಾಡು’ ಎಂದು ಪ್ರಾಣಿಗೆ ಹೇಳುವ ವ್ಯವಸ್ಥೆಯೊಂದು ಮಿದುಳಿನಲ್ಲಿಯೇ ಇದೆ ಎಂಬುದು ತಿಳಿದುಬಂದಿತು. ಅನ್ನ, ನೀರು, ಸಂತಾನ, ಸಂಗಾತಿಗಳ ಕಡೆಗೆ ಜೀವಿಯನ್ನು ನಡೆಸುವುದಕ್ಕಾಗಿ ಪ್ರಕೃತಿ ಮಾಡಿಕೊಟ್ಟ ವ್ಯವಸ್ಥೆ ಇದು. ಡೋಪಮೈನ್ ಎಂಬ ರಾಸಾಯನಿಕಕ್ಕೆ ಇದರಲ್ಲಿ ಪ್ರಮುಖ ಪಾತ್ರವಿದೆ.

ಎರಡನೆಯ ಪ್ರಯೋಗ ಇನ್ನೂ ಕುತೂಹಲಕರವಾದದ್ದು. ವುಲ್ಫ್ರಾಮ್ ಶುಲ್ಟ್ಜ್ ಎಂಬ ವಿಜ್ಞಾನಿಯು ಸ್ವಿಟ್ಜರ್ಲೆಂಡಿನಲ್ಲಿ, ಮುಖ್ಯವಾಗಿ 1990ರ ದಶಕದಲ್ಲಿ, ಕೋತಿಗಳ ಮಿದುಳಿನ ಡೋಪಮೈನ್ ಕೋಶಗಳ ಚಟುವಟಿಕೆಯನ್ನು ದಾಖಲಿಸಿದನು. ಕೋತಿಯ ಬಾಯಿಗೆ ಹಣ್ಣಿನ ರಸದ ಹನಿ ಬಿದ್ದಾಗ ಆ ಕೋಶಗಳು ಚುರುಕುಗೊಂಡವು. ಅನಂತರ, ಹಣ್ಣಿನ ರಸ ಬರುವ ಮುನ್ನ ಪ್ರತಿ ಸಲವೂ ಒಂದು ಸೂಚನೆಯನ್ನು ಕೊಡಲಾಯಿತು. ಕೆಲವು ಕಾಲದಲ್ಲಿ ಕೋಶಗಳು ರಸಕ್ಕೆ ಸ್ಪಂದಿಸುವುದನ್ನು ನಿಲ್ಲಿಸಿ, ಸೂಚನೆಗೇ ಸ್ಪಂದಿಸತೊಡಗಿದವು. ಸೂಚನೆ ಕಂಡರೂ ರಸ ಬಾರದೆ ಹೋದರೆ ಅವುಗಳ ಚಟುವಟಿಕೆ ಸಾಮಾನ್ಯ ಮಟ್ಟಕ್ಕಿಂತಲೂ ಕೆಳಗೆ ಕುಸಿಯಿತು.

ಈಗ ಗಲ್ಲಾದ ಗೃಹಸ್ಥನ ಕಡೆಗೆ ತಿರುಗಬಹುದು. ಮೊದಮೊದಲು ಅವನಿಗೆ ಸುಖವಾದದ್ದು ಕುಡಿದಾಗ. ನಾಲ್ಕಾರು ವರ್ಷಗಳ ಬಳಿಕ ರಾತ್ರಿ ಹತ್ತೂವರೆಗೆ ಹೋಟೆಲಿನ ಅರ್ಧ ಬಾಗಿಲು ಎಳೆಯುವ ಸದ್ದು ಕೇಳಿದೊಡನೆಯೇ ಮನಸ್ಸು ಹೊರಡತೊಡಗಿತು. ರೈಲು ನಿಲ್ದಾಣದ ಪಕ್ಕದ ಬಾರಿನ ದೀಪ, ಸಂಬಳದ ದಿನ, ಒಬ್ಬ ನಿರ್ದಿಷ್ಟ ಗೆಳೆಯನ ಮುಖ, ಹುರಿದ ಕಡಲೆಬೀಜದ ವಾಸನೆ, ಇವೆಲ್ಲವೂ ಒಂದೊಂದು ಸೂಚನೆಯಾದವು. ಇದನ್ನೇ ವೈದ್ಯರು ತುಡಿತ ಎನ್ನುತ್ತಾರೆ. ತುಡಿತವು ಸುಖದ ಆಸೆಯೇ ಆಗಿರಬೇಕೆಂದಿಲ್ಲ. ಕುಡಿತದಿಂದ ಸಿಗುವ ಸುಖ ಕಡಿಮೆಯಾಗುತ್ತ ಹೋದರೂ ತುಡಿತ ಬೆಳೆಯುತ್ತಲೇ ಹೋಗಬಹುದು. ‘ಅದರಲ್ಲಿ ನನಗೆ ರುಚಿಯೇ ಇಲ್ಲ, ಆದರೂ ಕಾಲು ಅತ್ತಲೇ ಹೋಗುತ್ತದೆ’ ಎಂದು ಎಷ್ಟೋ ವ್ಯಸನಿಗಳು ಹೇಳುವುದನ್ನು ಮನೆಯವರು ನೆಪವೆಂದು ಭಾವಿಸುತ್ತಾರೆ. ಬಹುಮಟ್ಟಿಗೆ ಅದು ಯಥಾರ್ಥ ವರ್ಣನೆ.

ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ನಡೆದಿರುತ್ತದೆ. ನರಕೋಶಗಳ ವೇಗವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕಕ್ಕೆ ಮದ್ಯವು ಬಲ ಕೊಡುತ್ತದೆ. ವೇಗವನ್ನು ಹೆಚ್ಚಿಸುವ ಗ್ಲುಟಮೇಟ್ ಎಂಬುದನ್ನು ಅಡಗಿಸುತ್ತದೆ. ಲಾರಿಯ ಬ್ರೇಕನ್ನು ಯಾರೋ ಸದಾ ಒತ್ತಿ ಹಿಡಿದಂತೆ ಇದು. ದಿನವೂ ಹೀಗಾದಾಗ ಮಿದುಳು ಸಮತೋಲ ಕಾಯ್ದುಕೊಳ್ಳಲು ತನ್ನ ಬ್ರೇಕನ್ನು ಸಡಿಲಗೊಳಿಸಿ, ವೇಗದ ಪೆಡಲನ್ನು ಹೆಚ್ಚು ತುಳಿಯುತ್ತದೆ. ಪರಿಣಾಮವಾಗಿ ಎರಡು ಪೆಗ್ಗಿನಿಂದ ಆಗುತ್ತಿದ್ದ ಕೆಲಸಕ್ಕೆ ನಾಲ್ಕು ಬೇಕಾಗುತ್ತದೆ. ಪಿತ್ತಜನಕಾಂಗವೂ ಮದ್ಯವನ್ನು ಮೊದಲಿಗಿಂತ ಬೇಗ ಕರಗಿಸಲು ಕಲಿತಿರುತ್ತದೆ. ‘ಎಷ್ಟು ಕುಡಿದರೂ ಅವನಿಗೆ ಏರುವುದಿಲ್ಲ’ ಎಂಬ ಮಾತನ್ನು ಗೆಳೆಯರು ಹೊಗಳಿಕೆಯಾಗಿ ಆಡುತ್ತಾರೆ. ವಾಸ್ತವದಲ್ಲಿ ಅದು ರೋಗದ ಮೊದಲ ಸ್ಪಷ್ಟ ಲಕ್ಷಣ.

ಬದಲಾದ ಮನುಷ್ಯ

ಒಂದು ದಿನ ಬೆಳಿಗ್ಗೆ ಗಲ್ಲಾದಲ್ಲಿ ನೋಟು ಎಣಿಸುವಾಗ ಕೈ ನಡುಗಿತು. ಹಿಂದಿನ ರಾತ್ರಿಯ ಮದ್ಯ ಇಳಿದುಹೋಗಿ, ಸಡಿಲವಾದ ಬ್ರೇಕು ಮಾತ್ರ ಉಳಿದಿದ್ದುದೇ ಇದಕ್ಕೆ ಕಾರಣ. ಅರ್ಧ ಲೋಟ ಕುಡಿದಾಗ ನಡುಕ ನಿಂತಿತು. ಅಲ್ಲಿಂದ ಮುಂದೆ ಕುಡಿತದ ಉದ್ದೇಶವೇ ಬದಲಾಯಿತು. ಸಂತೋಷಕ್ಕಾಗಿ ಆರಂಭವಾದದ್ದು ಈಗ ಸಂಕಟದಿಂದ ತಪ್ಪಿಸಿಕೊಳ್ಳುವ ಉಪಾಯವಾಯಿತು. ವ್ಯಸನದ ಇಡೀ ಇತಿಹಾಸದಲ್ಲಿ ಈ ತಿರುವಿನಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ. ಆದರೆ ಹೊರಗಿನವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಮುಂದಿನದನ್ನು ಮನೆಯವರು ಬಲ್ಲರು. ಸುಳ್ಳು ಹೇಳದವನು ಸುಳ್ಳು ಹೇಳತೊಡಗಿದನು. ಶಾಲೆಯ ಫೀಸಿನ ಹಣ ಕರಗಿತು. ಯಕ್ಷಗಾನದ ಮೇಳ ಮುಂಬಯಿಗೆ ಬಂದರೆ ರಾತ್ರಿಯಿಡೀ ಕೂರುತ್ತಿದ್ದವನಿಗೆ ಈಗ ಭಾಗವತರ ಪದ ಬೇಡವಾಯಿತು. ಮಗಳು ಅಂಕಪಟ್ಟಿ ತೋರಿಸಿದಾಗ ನೋಡಿಯೂ ನೋಡದವನಂತೆ ಇದ್ದನು. ಬೆಳಿಗ್ಗೆ ಮಗಳ ತಲೆ ಮುಟ್ಟಿ ಆಣೆ ಮಾಡಿ, ಸಂಜೆ ಕುಡಿದು ಬಂದನು. ಆ ಆಣೆ ಕಪಟವಾಗಿತ್ತೆಂದು ಹೆಂಡತಿ ತಿಳಿದಳು. ಹಾಗಿರಲಿಲ್ಲ. ದೂರದ ಪರಿಣಾಮವನ್ನು ಎಣಿಸಿ, ಎದುರಿಗಿರುವ ಆಸೆಯನ್ನು ತಡೆಯುವ ಕೆಲಸವನ್ನು ಮುಖ್ಯವಾಗಿ ಹಣೆಯ ಹಿಂಭಾಗದ ಮಿದುಳು ನಿರ್ವಹಿಸುತ್ತದೆ. ದೀರ್ಘಕಾಲದ ಮದ್ಯಸೇವನೆ ದುರ್ಬಲಗೊಳಿಸುವುದು ವಿಶೇಷವಾಗಿ ಈ ಭಾಗವನ್ನೇ. ಬೆಳಗಿನ ಆಣೆಯನ್ನು ಸಂಜೆಯವರೆಗೆ ಹೊತ್ತು ತರಬೇಕಾದ ಅಂಗವೇ ಸೋತಿರುತ್ತದೆ. ಇದೇ ಭಾಗ ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಾದ್ದರಿಂದ, ಹದಿಹರೆಯದಲ್ಲಿ ಕುಡಿಯಲು ಆರಂಭಿಸಿದವರಿಗೆ ಅಪಾಯ ಹೆಚ್ಚು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವ್ಯಸನವು ರೋಗವೆಂದ ಮಾತ್ರಕ್ಕೆ ಹೆಂಡತಿಯ ಮೇಲೆ ಕೈಮಾಡುವುದು ಕ್ಷಮ್ಯವಾಗುವುದಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಒದಗಿಸುವ 2005ರ ಕಾನೂನು ಕುಡುಕ ಗಂಡನಿಗೂ ಅನ್ವಯಿಸುತ್ತದೆ. ಅಂಥ ಸಂದರ್ಭದಲ್ಲಿ 181 ಸಂಖ್ಯೆಯ ಮಹಿಳಾ ಸಹಾಯವಾಣಿಯ ನೆರವನ್ನು ಪಡೆಯಬಹುದು. ಗಂಡನಿಗೆ ಚಿಕಿತ್ಸೆ ಕೊಡಿಸುವುದೂ ಹೆಂಡತಿ ಮಕ್ಕಳು ಸುರಕ್ಷಿತರಾಗಿರುವುದೂ ಒಂದಕ್ಕೊಂದು ವಿರುದ್ಧವಲ್ಲ.

ಬದಲಾಗುವುದು ವ್ಯಸನಿ ಮಾತ್ರವೂ ಅಲ್ಲ. ಹೋಟೆಲಿನ ಮಾಲೀಕರಿಗೆ ‘ಅವರಿಗೆ ಜ್ವರ’ ಎಂದು ಹೆಂಡತಿ ಫೋನು ಮಾಡುತ್ತಾಳೆ. ಊರಿನಿಂದ ಅತ್ತೆ ಫೋನು ಮಾಡಿದರೆ ‘ಡ್ಯೂಟಿಗೆ ಹೋಗಿದ್ದಾರೆ’ ಎನ್ನುತ್ತಾಳೆ. ಮಕ್ಕಳು ಗೆಳೆಯರನ್ನು ಮನೆಗೆ ಕರೆಯುವುದನ್ನು ಬಿಡುತ್ತಾರೆ. ಊರು ಬಿಟ್ಟು ಬಂದು ಪರಭಾಷೆಯ ನಗರದಲ್ಲಿ ನೆಲೆಸಿದ ಕುಟುಂಬಗಳಲ್ಲಿ ಈ ಮುಚ್ಚುಮರೆಗೆ ಅನುಕೂಲ ಹೆಚ್ಚು. ಊರಿನವರು ಕಾಣುವುದು ವರ್ಷಕ್ಕೊಮ್ಮೆ ಇಸ್ತ್ರಿ ಅಂಗಿ ತೊಟ್ಟು ಬರುವ ಮನುಷ್ಯನನ್ನು. ನಗರದ ನೆರೆಹೊರೆಯವರಿಗೆ ಕೇಳುವ ಸಲಿಗೆಯಿಲ್ಲ. ಮರ್ಯಾದೆ ಉಳಿಸುವ ಈ ಪ್ರಯತ್ನ ಸಹಜವಾದದ್ದೇ ಆದರೂ, ಚಿಕಿತ್ಸೆ ಹತ್ತು ವರ್ಷ ತಡವಾಗುವುದು ಇದರಿಂದಲೇ. ಕುಡಿಯುವ ಮಹಿಳೆಯರ ವಿಷಯದಲ್ಲಂತೂ ಈ ಮೌನ ಇನ್ನೂ ದಟ್ಟವಾಗಿರುತ್ತದೆ.

ಹಠಾತ್ತನೆ ಬಿಟ್ಟಾಗ

ತಮ್ಮನ ಮಗಳ ಮದುವೆಗೆಂದು ಈ ಗೃಹಸ್ಥ ಊರಿಗೆ ಹೊರಟನೆಂದು ಭಾವಿಸೋಣ. ನೆಂಟರ ಎದುರು ಮಾನ ಹೋಗಬಾರದೆಂದು ಬುಧವಾರ ರಾತ್ರಿಯ ಬಳಿಕ ಒಂದು ಹನಿಯನ್ನೂ ಮುಟ್ಟಲಿಲ್ಲ. ಹೆಂಡತಿಗೆ ಹಿಡಿಸಲಾರದ ಸಂತೋಷ. ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಕೈ ನಡುಗಿತು, ಬೆವರು ಸುರಿಯಿತು, ವಾಂತಿಯಾಯಿತು. ಕೊನೆಯ ಸಲ ಕುಡಿದ 6ರಿಂದ 12 ಗಂಟೆಗಳೊಳಗೆ ಇಂಥ ಲಕ್ಷಣಗಳು ಆರಂಭವಾಗುವುದು ಸಾಮಾನ್ಯ. ಎರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂತೆ ಸೆಳವು ಬರುತ್ತದೆ. ಇವನಿಗೆ ಅದು ಬರಲಿಲ್ಲ. ಆದರೆ ಶುಕ್ರವಾರ ನಡುರಾತ್ರಿ, ಮದುವೆಮನೆ ನಿದ್ರಿಸುತ್ತಿದ್ದಾಗ, ಎದ್ದು ಕುಳಿತು ಕಂಬಳಿಯ ಮೇಲೆ ಇಲ್ಲದ ಚಿಲ್ಲರೆ ಎಣಿಸತೊಡಗಿದನು. ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆಯೆಂದು ಕೂಗಿದನು. ತಾಯಿಯನ್ನು ಗುರುತಿಸಲಿಲ್ಲ. ಮೈ ಸುಡುತ್ತಿತ್ತು. ಗಾಳಿ ಸೋಕಿದೆ ಎಂದರು ಕೆಲವರು. ಮಂತ್ರವಾದಿಗೆ ಹೇಳಿಕಳುಹಿಸಲು ಒಬ್ಬರು ಸಿದ್ಧರಾದರು.

ಇದು ಗಾಳಿಯಲ್ಲ, ಹುಚ್ಚೂ ಅಲ್ಲ. ಮದ್ಯ ನಿಂತ ಎರಡರಿಂದ ನಾಲ್ಕು ದಿನಗಳ ನಡುವೆ ತೀವ್ರ ವ್ಯಸನಿಗಳಲ್ಲಿ ಕೆಲವರಿಗೆ ಕಾಣಿಸಿಕೊಳ್ಳುವ ಸನ್ನಿಯ ಸ್ಥಿತಿ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎಂದು ಕರೆಯುತ್ತಾರೆ. ಬ್ರೇಕಿಲ್ಲದ ಲಾರಿ ಇಳಿಜಾರಿನಲ್ಲಿ ಓಡಿದಂತೆ ನರಮಂಡಲ ಹದ್ದುಮೀರಿರುತ್ತದೆ. ಆಸ್ಪತ್ರೆಯ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಾಪಾಯ ಖಂಡಿತ ಉಂಟು. ಹಲವು ವರ್ಷ ದಿನವೂ ಹೆಚ್ಚು ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದು, ‘ಗಂಡಸಾದರೆ ಇವತ್ತೇ ಬಿಡು’ ಎಂದು ಸವಾಲು ಹಾಕುವುದು ಎಷ್ಟು ಅಪಾಯಕಾರಿ ಎಂಬುದು ಇದರಿಂದ ತಿಳಿಯುತ್ತದೆ. ಬಿಡಬಾರದೆಂದಲ್ಲ, ವೈದ್ಯರ ನೋಟದಲ್ಲಿ ಬಿಡಬೇಕು.

ಆಸ್ಪತ್ರೆಯಲ್ಲಿ ನರಮಂಡಲವನ್ನು ಶಾಂತಗೊಳಿಸುವ ಔಷಧಿಗಳನ್ನು ಕೊಟ್ಟು, ಕೆಲವು ದಿನಗಳಲ್ಲಿ ಅವುಗಳ ಪ್ರಮಾಣವನ್ನು ಕ್ರಮವಾಗಿ ಇಳಿಸುತ್ತಾರೆ. ಬಹುಕಾಲ ಕುಡಿದವರ ಶರೀರದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವದ ಕೊರತೆ ಇರುವ ಕಾರಣ ಅದರ ಚುಚ್ಚುಮದ್ದನ್ನೂ ಕೊಡುತ್ತಾರೆ. ನಿಶ್ಶಕ್ತಿಯೆಂದು ತಿಳಿದು ಬರಿಯ ಗ್ಲೂಕೋಸ್ ಬಾಟಲಿಯನ್ನು ಮೊದಲು ಏರಿಸಿದರೆ ಈ ಕೊರತೆ ಉಲ್ಬಣಿಸಿ ಮಿದುಳಿಗೆ ಶಾಶ್ವತ ಹಾನಿಯಾಗುವ ಸಂಭವವುಂಟು. ವೈದ್ಯರಿಗೆ ಕುಡಿತದ ವಿಷಯವನ್ನು ಮುಚ್ಚಿಟ್ಟರೆ ಅವರು ಥಯಾಮಿನ್ ಕೊಡಬೇಕೆಂದು ಊಹಿಸುವುದಾದರೂ ಹೇಗೆ?

ಬಿಟ್ಟ ಮೇಲೆ

ಮದ್ಯದ ವಿಷ ಶರೀರದಿಂದ ಇಳಿಯಲು ಒಂದೆರಡು ವಾರ ಸಾಕು. ಮನೆಯವರು ಇದನ್ನೇ ಗುಣವೆಂದು ತಿಳಿಯುತ್ತಾರೆ. ಆದರೆ ಸೂಚನೆಗಳಿಗೆ ಸ್ಪಂದಿಸಲು ಕಲಿತ ಮಿದುಳು ಆ ಪಾಠವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮರೆಯುವುದಿಲ್ಲ. ಆಸ್ಪತ್ರೆಯಲ್ಲಿ ತುಡಿತವೇ ಇಲ್ಲದವನಿಗೆ ಅದೇ ನಿಲ್ದಾಣದಲ್ಲಿ ರೈಲಿಳಿದಾಗ ಎದೆ ಹೊಡೆದುಕೊಳ್ಳುತ್ತದೆ. ವಿಯೆಟ್ನಾಂ ಯುದ್ಧದಿಂದ 1971ರಲ್ಲಿ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಅಭ್ಯಸಿಸಿದಾಗ, ಅಲ್ಲಿ ಹೆರಾಯಿನ್‌ನಂಥ ಅಫೀಮು ಮೂಲದ ವಸ್ತುಗಳಿಗೆ ವ್ಯಸನಿಗಳಾಗಿದ್ದವರಲ್ಲಿ ಶೇಕಡಾ 5ರಷ್ಟು ಮಂದಿ ಮಾತ್ರ ತಾಯ್ನಾಡಿನ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದಿದ್ದರು. ಸ್ಥಳ, ಸಂಗ, ಸಂದರ್ಭಗಳು ಬದಲಾದಾಗ ವ್ಯಸನದ ಹಿಡಿತ ಸಡಿಲವಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ. ‘ಸ್ವಲ್ಪ ದಿನ ಊರಿಗೆ ಕಳುಹಿಸಿ, ಸರಿಹೋಗುತ್ತಾನೆ’ ಎಂಬ ಹಿರಿಯರ ಮಾತಿನಲ್ಲಿಯೂ ಅಷ್ಟರಮಟ್ಟಿಗೆ ಹುರುಳಿದೆ. ಆದರೆ ಸೈನಿಕರು ಯುದ್ಧಭೂಮಿಗೆ ಮರಳಲಿಲ್ಲ. ಗಲ್ಲಾದ ಗೃಹಸ್ಥ ಅದೇ ಹೋಟೆಲಿಗೆ, ಅದೇ ರಾತ್ರಿ ಹನ್ನೊಂದು ಗಂಟೆಗೆ ಮರಳಬೇಕು. ಆದುದರಿಂದಲೇ ಹಗಲು ಪಾಳಿ ಕೇಳುವುದು, ಬೇರೆ ದಾರಿಯಿಂದ ಮನೆಗೆ ಬರುವುದು, ಸಂಬಳವನ್ನು ನೇರವಾಗಿ ಹೆಂಡತಿಯ ಖಾತೆಗೆ ಹಾಕಿಸುವುದು ಮುಂತಾದ ಅಲ್ಪವೆಂದು ತೋರುವ ಏರ್ಪಾಡುಗಳಿಗೆ ಚಿಕಿತ್ಸೆಯಲ್ಲಿ ದೊಡ್ಡ ಬೆಲೆಯಿದೆ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬ ಮಾತಿಗೆ ಮಾತ್ರ ಯಾವ ಆಧಾರವೂ ಇಲ್ಲ. ಅದು ಇನ್ನೊಬ್ಬ ಹೆಣ್ಣುಮಗಳನ್ನು ಔಷಧಿಯೆಂದು ಬಳಸುವ ಅನ್ಯಾಯ.

ತುಡಿತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮೊದಲಾದ ಔಷಧಿಗಳು ಈಗ ಲಭ್ಯವಿವೆ. ಡೈಸಲ್ಫಿರಾಂ ಎಂಬ ಗುಳಿಗೆಯು ಬೇರೆ ಬಗೆಯದು. ಅದನ್ನು ಸೇವಿಸಿದವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿಗೆ ತಿಳಿಸದೆ ಸಾರಿನಲ್ಲೋ ಚಹಾದಲ್ಲೋ ಇದನ್ನು ಬೆರೆಸಿ ಕೊಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಕುಡಿತ ಬಿಡಿಸುವ ಪುಡಿಯೆಂದು ಗುಟ್ಟಾಗಿ ಮಾರುವ ವಸ್ತುಗಳ ಬಳಕೆಯೂ ಇದೆ. ತಿಳಿಯದೆ ಕುಡಿದವನ ಹೃದಯವೇ ನಿಲ್ಲಬಹುದಾದ್ದರಿಂದ ಇದನ್ನು ಎಂದಿಗೂ ಮಾಡಬಾರದು.

ಒಮ್ಮೆ ಬಿಟ್ಟವನು ಮತ್ತೆ ಕುಡಿದರೆ ಎಲ್ಲವೂ ವ್ಯರ್ಥವಾಯಿತೆಂದು ಮನೆಯವರು ಕೈಚೆಲ್ಲುತ್ತಾರೆ. ರಕ್ತದೊತ್ತಡದ ರೋಗಿ ಗುಳಿಗೆ ಬಿಟ್ಟು ಮತ್ತೆ ಆಸ್ಪತ್ರೆ ಸೇರಿದರೆ ಯಾರೂ ಹಾಗೆ ಹೇಳುವುದಿಲ್ಲ. ದೀರ್ಘಕಾಲದ ರೋಗಗಳಲ್ಲಿ ಮರುಕಳಿಕೆ ಸಾಮಾನ್ಯ. ಪ್ರತಿಯೊಂದು ಮರುಕಳಿಕೆಯ ಹಿಂದೆಯೂ ಒಂದು ಸೂಚನೆ ಇದ್ದೇ ಇರುತ್ತದೆ, ಅದನ್ನು ಗುರುತಿಸುವುದೇ ಮುಂದಿನ ಚಿಕಿತ್ಸೆಯ ಆರಂಭ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ವ್ಯಸನಿಗಳು ಸೇರಿ ಸ್ಥಾಪಿಸಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘಟನೆಯ ಸಭೆಗಳು ಭಾರತದ ನಗರಗಳಲ್ಲಿ ಶುಲ್ಕವಿಲ್ಲದೆ ನಡೆಯುತ್ತವೆ. ವ್ಯಸನಿಗಳ ಮನೆಯವರಿಗಾಗಿ ಅಲ್‌-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ಚೆನ್ನೈಯಲ್ಲಿ 1980ರಲ್ಲಿ ಆರಂಭವಾದ ಟಿ.ಟಿ. ರಂಗನಾಥನ್ ಪ್ರತಿಷ್ಠಾನದ ಆಸ್ಪತ್ರೆ, ಪುಣೆಯಲ್ಲಿ 1986ರಲ್ಲಿ ಆರಂಭವಾದ ಮುಕ್ತಾಂಗಣ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ವಿಭಾಗ ಇವು ಈ ಕ್ಷೇತ್ರದಲ್ಲಿ ಹೆಸರು ಪಡೆದಿವೆ. ವ್ಯಸನಮುಕ್ತಿಗಾಗಿ ಕೇಂದ್ರ ಸರ್ಕಾರದ ಶುಲ್ಕರಹಿತ ಸಹಾಯವಾಣಿಯ ಸಂಖ್ಯೆ 14446. ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿಮಾನಸ್ ಸೇವೆಯ ಸಂಖ್ಯೆ 14416. ಇದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಲಭ್ಯವಿದೆ.

ವೈದ್ಯರ ಬಳಿಗೆ ಹೋಗುವಾಗ ಮನೆಯವರು ಒಂದು ಚೀಟಿಯಲ್ಲಿ ಕೆಲವು ಸಂಗತಿಗಳನ್ನು ಬರೆದುಕೊಂಡು ಹೋಗುವುದು ಒಳ್ಳೆಯದು: ಎಷ್ಟು ವರ್ಷಗಳಿಂದ ಕುಡಿತವಿದೆ, ದಿನಕ್ಕೆ ಎಷ್ಟು, ಬೆಳಿಗ್ಗೆ ಎದ್ದೊಡನೆ ಕುಡಿಯುವುದುಂಟೇ, ಹಿಂದೆ ಬಿಟ್ಟಾಗ ಸೆಳವು ಅಥವಾ ಭ್ರಮೆ ಬಂದಿತ್ತೇ, ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತಾರೆ, ಕೊನೆಯ ಸಲ ಕುಡಿದದ್ದು ಯಾವ ದಿನ, ಎಷ್ಟು ಗಂಟೆಗೆ. ರೋಗಿಯು ಪ್ರಮಾಣವನ್ನು ಅರ್ಧ ಮಾಡಿ ಹೇಳುವುದು ವಾಡಿಕೆ. ಹೆಂಡತಿ ಪಕ್ಕದಲ್ಲಿ ಕುಳಿತು ಸುಮ್ಮನಿರುವುದೂ ವಾಡಿಕೆ. ಆತನ ಎದುರು ಹೇಳಲು ಸಂಕೋಚವಾದರೆ ಚೀಟಿಯನ್ನು ಮುಂಚಿತವಾಗಿಯೇ ದಾದಿಯ ಕೈಗೆ ಕೊಡಬಹುದು.